ಖಾಲಿ ಬಿಟ್ಟ ಹೆಸರು

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳನ್ನು ಎಲ್ಲರೂ ಜರಡಿಯಮ್ಮ ಎಂದೇ ಕರೆಯುತ್ತಿದ್ದರು. ಅವಳು ಕಟ್ಟಿದ ಸಾಫ್ಟ್‌ವೇರಿನ ಹೆಸರು ಜರಡಿ. ಅದು ಅವಳಿಗೂ ಅಂಟಿಕೊಂಡಿತ್ತು. ವಿಜ್ಞಾನದ ಕೆಲಸದಲ್ಲಿರುವವರು ತಮ್ಮ ತಮ್ಮ ಬ್ಲಾಗುಗಳಲ್ಲಿ ಬರೆದುಕೊಳ್ಳುವ ಬರಹಗಳನ್ನು ಜರಡಿ ದಿನವೂ ಓದುತ್ತಿತ್ತು. ಯಾರು ಬರೆದದ್ದು, ಯಾವತ್ತು ಬರೆದದ್ದು, ತಲೆಬರಹವೇನು, ಯಾವ ಯಾವ ಪ್ರಬಂಧಗಳನ್ನು ಹೆಸರಿಸಿದೆ ಎಂಬುದನ್ನೆಲ್ಲ ಹೆಕ್ಕಿ ತೆಗೆದು, ಬೇರೆ ಬೇರೆ ಗ್ರಂಥಾಲಯಗಳಿಗೆ ಒಗ್ಗುವ ರೂಪಕ್ಕೆ ಬದಲಾಯಿಸಿ ಕಳಿಸುತ್ತಿತ್ತು. ಹೇಳಿದಷ್ಟು ಹಗುರದ ಕೆಲಸವಲ್ಲ. ಒಂದು ಗ್ರಂಥಾಲಯಕ್ಕೆ ಮನೆತನದ ಹೆಸರು ಮುಂದೆ ಬೇಕು, ಇನ್ನೊಂದಕ್ಕೆ ಹಿಂದೆ. ಒಂದು ತಾರೀಕಿನಿಂದ ಶುರುಮಾಡುತ್ತದೆ, ಇನ್ನೊಂದು ಇಸವಿಯಿಂದ. ಹತ್ತು ಮನೆಯ ನೆಂಟರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಯಾರೂ ಮುನಿಸಿಕೊಳ್ಳದಂತೆ ಬಡಿಸಿದ ಹಾಗೆ ಅದು.

ಅವಳ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ಹಿಂದೊಮ್ಮೆ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಜಾಗ. ರಟ್ಟು ಒತ್ತುವ ಕಬ್ಬಿಣದ ಯಂತ್ರವೊಂದನ್ನು ಯಾರಿಗೂ ಅಲುಗಾಡಿಸಲಾಗದೆ ಅಲ್ಲೇ ಬಿಟ್ಟಿದ್ದರು; ಅದರ ತಲೆಯ ಮೇಲೆ ಈಗ ಪ್ರಿಂಟರು ಕೂತಿತ್ತು. ಬಿಸಿಲೇರಿದಾಗ ಗೋಡೆಯಿಂದ ಹಳೆಯ ಅಂಟಿನ ವಾಸನೆ ಬರುತ್ತಿತ್ತು. ಎದುರಿನ ಮೇಜಿನಲ್ಲಿದ್ದವರು ಪುಸ್ತಕಗಳ ಸೂಚಿ ಬರೆಯುತ್ತಲೇ ತಲೆ ನರೆಸಿಕೊಂಡ ಹಿರಿಯರು. ಯಾವ ದಾಖಲೆ ತೋರಿಸಿದರೂ ಮೊದಲು ಅಲ್ಪವಿರಾಮ ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದರಿಂದ ಅವರಿಗೆ ಅಲ್ಪವಿರಾಮ ಎಂದೇ ಹೆಸರಾಗಿತ್ತು. ಆ ಹೆಸರು ಅವರಿಗೂ ಗೊತ್ತಿತ್ತು. ಪೂರ್ಣವಿರಾಮ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಎಂದು ನಗುತ್ತಿದ್ದರು.

ಜರಡಿಯಮ್ಮನಿಗೆ ಒಂದೇ ಒಂದು ವಿಷಯದಲ್ಲಿ ತಲೆ ಬಿಸಿಯಾಗುತ್ತಿತ್ತು. ಖಾಲಿ ಜಾಗ. ಬ್ಲಾಗು ನಡೆಸುವವರಲ್ಲಿ ಎಷ್ಟೋ ಮಂದಿ ತಮ್ಮ ಹೆಸರಿನ ಜಾಗದಲ್ಲಿ ಯಾವುದೋ ಅಡ್ಡಹೆಸರು ಹಾಕುತ್ತಿದ್ದರು, ಇಲ್ಲವೇ ಏನೂ ಹಾಕುತ್ತಿರಲಿಲ್ಲ. ಜರಡಿ ಅಂಥ ಕಡೆ ಸುಮ್ಮನೆ ಖಾಲಿ ಬಿಡುತ್ತಿತ್ತು. ಗುಡಿಸಿ ಸಾರಿಸಿದ ಮನೆಯ ನಡುವೆ ಯಾರೋ ಕೊಡೆ ಒರಗಿಸಿ ಹೋದಂತೆ ಅವು ಅವಳ ಕಣ್ಣಿಗೆ ಚುಚ್ಚುತ್ತಿದ್ದವು. ಆದರೆ ಪುಟದ ಮೇಲೆ ಹೆಸರಿಲ್ಲದಿದ್ದರೂ ಪುಟದ ಒಳಗೆ, ಯಂತ್ರಗಳು ಮಾತ್ರ ಓದುವ ಭಾಗದಲ್ಲಿ, ಬಹಳ ಸಲ ಒಂದು ಸಂಖ್ಯೆ ಇರುತ್ತಿತ್ತು. ಸಂಶೋಧಕರ ನೋಂದಣಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಕೊಡುವ ಸಂಖ್ಯೆ ಅದು. ಬ್ಲಾಗು ತೆರೆಯುವಾಗ ಕೇಳುತ್ತಾರೆ, ಬರೆದವರು ಕೊಟ್ಟು ಮರೆತಿರುತ್ತಾರೆ. ಆ ಸಂಖ್ಯೆ ಹಿಡಿದು ನೋಂದಣಿಗೆ ಹೋದರೆ ಪೂರ್ತಿ ಹೆಸರು, ಕೆಲಸ ಮಾಡುವ ಸಂಸ್ಥೆ ಎರಡೂ ಸಿಗುತ್ತವೆ. ಜರಡಿಯ ಹೊಸ ಆವೃತ್ತಿಗೆ ಅವಳು ಅದನ್ನೇ ಕಲಿಸಿದಳು. ಒಂದು ವಾರದೊಳಗೆ ಸಾವಿರಾರು ಖಾಲಿ ಜಾಗಗಳು ತುಂಬಿದವು. ಗ್ರಂಥಾಲಯದ ಮುಖ್ಯಸ್ಥರು ತಾವಾಗಿಯೇ ಆ ಹಿಂಬದಿಯ ಕೋಣೆಗೆ ಬಂದು, ನಿಂತೇ ಶಭಾಷ್ ಹೇಳಿ ಹೋದರು.

ಆ ಸಂಜೆ ಊಟದ ಮೇಜಿನಲ್ಲಿ ಅವಳು ಅದನ್ನೇ ಕೊಚ್ಚಿಕೊಂಡಳು. ಮನೆಯಲ್ಲಿ ಇದ್ದದ್ದು ಮೂವರು: ಅವಳು, ಗಂಡ, ಮೈದುನ. ಅವಳು ಸೊಸೆಯಾಗಿ ಬಂದಾಗ ಮೈದುನ ಇನ್ನೂ ಶಾಲೆಯ ಚೀಲ ಹೊರುವ ವಯಸ್ಸಿನವನು. ಅತ್ತೆ ತೀರಿಕೊಂಡ ಮೇಲೆ ಅವನ ಜ್ವರ, ಪರೀಕ್ಷೆ, ಹರಿದ ಅಂಗಿ ಎಲ್ಲ ಅವಳ ಪಾಲಿಗೇ ಬಂದಿತ್ತು. ಈಗ ಅವನು ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ರಸಾಯನ ವಿಜ್ಞಾನಿ. ಮಾತು ಕಡಿಮೆ. ಅವನ ಬಾಯಿಂದ ಒಂದು ವಾಕ್ಯ ಹೊರಡಿಸುವುದಕ್ಕಿಂತ ಬಾವಿಯಿಂದ ನೀರು ಸೇದುವುದು ಸುಲಭ ಎಂದು ಅಣ್ಣ ಕಿಚಾಯಿಸುತ್ತಿದ್ದ. ಆ ಕೆಲಸವನ್ನು ಕೊಡಿಸಿದ್ದೂ ಅಣ್ಣನೇ. ಪ್ರಯೋಗಾಲಯದ ನಿರ್ದೇಶಕ ಅವನ ಕಾಲೇಜಿನ ಗೆಳೆಯ.

ಅವಳ ಮಾತನ್ನೆಲ್ಲ ಕೇಳಿದ ಮೇಲೆ ಮೈದುನ ತಟ್ಟೆಯಿಂದ ತಲೆ ಎತ್ತದೆ ಕೇಳಿದ್ದ:

"ಬರೆದವರು ಬೇಕು ಅಂತಲೇ ಖಾಲಿ ಬಿಟ್ಟಿದ್ರೆ ಅತ್ತಿಗೆ?"

"ಮರೆತಿರ್ತಾರೆ ಅಷ್ಟೇ ಕಣೋ. ಬರೆದು ಹೆಸರು ಬೇಡ ಅನ್ನೋರು ಯಾರಿದ್ದಾರೆ?"

ಅವನು ನೀರಿನ ಜಗ್ಗನ್ನು ಅವಳ ಕಡೆ ಸರಿಸಿದ.

ಕೆಲವು ವಾರ ಕಳೆದ ಮೇಲೆ ಜರಡಿಯ ವಿಳಾಸಕ್ಕೆ ಒಂದು ಇಮೇಲ್ ಬಂತು. 'ತೂಬು' ಎಂಬ ಬ್ಲಾಗಿನವರು ಕಳಿಸಿದ್ದರು. ತಮ್ಮ ಬರಹಗಳ ದಾಖಲೆಯಲ್ಲಿ ಲೇಖಕರ ಹೆಸರು, ಸಂಸ್ಥೆ ಕಾಣಿಸುತ್ತಿದೆ, ಅವನ್ನು ದಯವಿಟ್ಟು ತೆಗೆಯಿರಿ ಎಂದು ಎರಡೇ ಸಾಲು. ಅಂಥ ಪತ್ರಗಳು ಆಗಾಗ ಬರುತ್ತಿದ್ದವು. ಒಬ್ಬರಿಗೆ ತಂದೆಯ ಹೆಸರು ಬೇಡ, ಒಬ್ಬರಿಗೆ ಸಂಸ್ಥೆ ಬದಲಾಗಿದೆ. ಅವುಗಳಿಗೆಂದೇ ಅವಳು ಒಂದು ಉತ್ತರ ಬರೆದಿಟ್ಟಿದ್ದಳು. 'ದಯವಿಟ್ಟು ಗಮನಿಸಿ: ಈ ವಿವರ ಸಂಶೋಧಕರ ನೋಂದಣಿಯಲ್ಲಿರುವುದಕ್ಕೆ ಸರಿಹೊಂದುತ್ತದೆ. ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳತಕ್ಕದ್ದು.' ದಾಖಲೆ ತೆರೆದು ನೋಡುವ ಗೋಜಿಗೆ ಹೋಗದೆ ಅದನ್ನೇ ಕಳಿಸಿ, ಚಹಾ ಕುಡಿಯಲು ಎದ್ದು ಹೋದಳು.

ಎರಡನೆಯ ಪತ್ರ ಮರುದಿನವೇ ಬಂತು. ಅದರಲ್ಲಿ ಹೀಗಿತ್ತು: 'ಹೆಸರು ತಪ್ಪು ಎಂದು ನಾನು ಹೇಳಲಿಲ್ಲ. ಅದನ್ನು ನಾನು ಕೊಟ್ಟಿಲ್ಲ ಎಂದು ಹೇಳಿದೆ.'

ಅವಳಿಗೆ ಸ್ವಲ್ಪ ಸಿಟ್ಟೇ ಬಂತು. ಯಾರಪ್ಪಾ ಈ ಕೂದಲು ಸೀಳುವವರು ಎಂದುಕೊಂಡು ದಾಖಲೆ ತೆರೆದಳು. ಹೆಸರಿನ ಜಾಗದಲ್ಲಿ ಮೈದುನನ ಹೆಸರಿತ್ತು.

ಅದೇ ಹೆಸರಿನ ಬೇರೆ ಯಾರೋ ಇರಬೇಕು ಎಂದು ಮೊದಲು ಅನ್ನಿಸಿತು. ಹೆಸರಿನ ಮುಂದೆ ಮಾವನವರ ಹೆಸರು, ಅದರ ಕೆಳಗೆ ನೀರಿನ ಪ್ರಯೋಗಾಲಯದ ಹೆಸರು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಆದರೂ ಅವಳ ಕೈ ತನ್ನಷ್ಟಕ್ಕೆ ಬ್ಲಾಗನ್ನು ತೆರೆಯಿತು. ಅಲ್ಲಿ ಎಲ್ಲೂ ಹೆಸರಿರಲಿಲ್ಲ, ಊರಿರಲಿಲ್ಲ. ನೀರಿನಲ್ಲಿ ಸೀಸ ಹೇಗೆ ಸೇರುತ್ತದೆ, ಹಳೆಯ ಕೊಳವೆಗಳು ಯಾಕೆ ಬೆಳಗಿನ ಮೊದಲ ನೀರನ್ನು ಕೆಡಿಸುತ್ತವೆ, ಇಂಥವೇ ಸಣ್ಣ ಸಣ್ಣ ಬರಹಗಳು. ಒಂದರ ತಲೆಬರಹ 'ಸರಾಸರಿ ಎಂಬ ಕಂಬಳಿ'. ಊರಿನ ಎಲ್ಲ ಬಡಾವಣೆಗಳ ನೀರಿನ ಲೆಕ್ಕವನ್ನು ಸೇರಿಸಿ ಸರಾಸರಿ ತೆಗೆದರೆ ಒಂದು ಬಡಾವಣೆಯ ಕೆಟ್ಟ ನೀರು ಅದರೊಳಗೆ ಹೇಗೆ ಮುಚ್ಚಿಹೋಗುತ್ತದೆ ಎಂದು ಮಕ್ಕಳಿಗೂ ಅರ್ಥವಾಗುವಂತೆ ಬರೆದಿದ್ದ. ಇನ್ನೊಂದು ಬರಹದಲ್ಲಿ, ಪರೀಕ್ಷೆಗೆ ನೀರಿನ ಮಾದರಿ ತೆಗೆಯುವುದು ಹೇಗೆ ಎಂಬುದಕ್ಕೆ ಒಂದು ಹೋಲಿಕೆ ಕೊಟ್ಟಿದ್ದ: 'ನಮ್ಮ ಅತ್ತಿಗೆ ಉಪ್ಪು ನೋಡುವ ಮೊದಲು ಪಾತ್ರೆಯ ತಳದವರೆಗೂ ಸೌಟು ಹಾಕಿ ಕದಡುತ್ತಾರೆ. ಮೇಲಿಂದ ಒಂದು ಚಮಚ ತೆಗೆದು ಸರಿಯಿದೆ ಎಂದವರನ್ನು ನಾನು ನಂಬುವುದಿಲ್ಲ.'

ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಇದೇ ಮನುಷ್ಯನಿಗೆ ನಿನ್ನೆ ತಾನು 'ತಿದ್ದಿಸಿಕೊಳ್ಳತಕ್ಕದ್ದು' ಎಂದು ಬರೆದಿದ್ದಳು. ತಳದವರೆಗೆ ಕದಡುವುದಿರಲಿ, ಪಾತ್ರೆಯ ಮುಚ್ಚಳವನ್ನೂ ತೆಗೆದಿರಲಿಲ್ಲ.

ಆ ಬ್ಲಾಗಿನ ದಾಖಲೆಗಳಿಂದ ಹೆಸರನ್ನೂ ಸಂಸ್ಥೆಯನ್ನೂ ಅಲ್ಲೇ ಅಳಿಸಿದಳು. ಏನಾಯಿತೆಂದು ಅಲ್ಪವಿರಾಮರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸುತ್ತಾ, ಇಲ್ಲಿ ಅಳಿಸಿದ್ದು ಸರಿ, ಆದರೆ ಈಗಾಗಲೇ ಬೇರೆ ಗ್ರಂಥಾಲಯಗಳಿಗೆ ಹೋಗಿರುವ ಪ್ರತಿಗಳ ಗತಿ ಏನು ಎಂದರು. ಅದು ಅವಳಿಗೆ ಗೊತ್ತಿಲ್ಲದ ಮಾತೇನಲ್ಲ. ಕಳಿಸಿದ್ದು ಅವಳೇ.

ಅಂದು ಮನೆಗೆ ಬೇಗ ಹೋದಳು. ಮೈದುನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ನೆಗಡಿ ಎಂದು ಅವನು ರಜೆ ಹಾಕಿ ಕೂತು ಮೂರ್ನಾಲ್ಕು ದಿನವಾಗಿತ್ತು. ಅವನು ಸೀನಿದ್ದನ್ನು ತಾನು ಒಮ್ಮೆಯೂ ಕೇಳಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಚೀಲ ಕೆಳಗಿಡದೆಯೇ ಕೇಳಿದಳು:

"ತೂಬು ನೀನೇನಾ?"

ಚಾಕು ನಿಂತಿತು. "ಹೂಂ" ಎಂದ.

"ಮನೇಲೇ ಇದ್ದೀಯಲ್ಲೋ. ನನ್ನ ಹತ್ತಿರ ಬಂದು ಒಂದು ಮಾತು ಹೇಳಬಾರದಿತ್ತಾ? ಯಾರೋ ಹೊರಗಿನವನ ಹಾಗೆ ಪತ್ರ ಬರೆದೆಯಲ್ಲ."

"ನಿಮಗೆ ಹೇಳಿದ್ರೆ ನೀವು ಅಣ್ಣನಿಂದ ಮುಚ್ಚಿಡಬೇಕಾಗ್ತಿತ್ತು. ಅದಕ್ಕೇ ಎಲ್ಲರೂ ಬರೆಯೋ ಹಾಗೆ ಬರೆದೆ. ಎಲ್ಲರಿಗೂ ಏನು ಉತ್ತರ ಬರುತ್ತೋ ಅದೇ ಬಂತು." ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನೀವೇ ಬರೆದದ್ದು ಅಂತ ಗೊತ್ತಾಯ್ತು. 'ದಯವಿಟ್ಟು ಗಮನಿಸಿ' ಅಂತ ಮನೇಲಿ ಹಾಲಿನವನಿಗೆ ಬರೆಯೋ ಚೀಟಿಯಲ್ಲೂ ಹಾಕ್ತೀರಿ."

ಆಮೇಲೆ ಒಂದೊಂದಾಗಿ ಹೊರಬಂತು. ಒಂದು ಬಡಾವಣೆಯ ಕೊಳಾಯಿಗಳಲ್ಲಿ ಸೀಸ ಇರಬೇಕಾದ್ದಕ್ಕಿಂತ ಹೆಚ್ಚಿರುವುದು ಅವನ ಪರೀಕ್ಷೆಯಲ್ಲಿ ಸಿಕ್ಕಿತ್ತು. ನಿರ್ದೇಶಕರಿಗೆ ಹೇಳಿದ. ಅವರು ಊರಿನ ಸರಾಸರಿ ಮಿತಿಯೊಳಗೇ ಇದೆ, ವರದಿಯಲ್ಲಿ ಹೋಗುವುದು ಸರಾಸರಿಯೇ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದರು. ಇನ್ನೊಮ್ಮೆ ಹೇಳಿದ. ಆಗ ಅವರು ನಿನ್ನ ಅಣ್ಣನ ಮುಖ ನೋಡಿ ಸುಮ್ಮನಿದ್ದೇನೆ ಎಂದರು. ಅಂದಿನಿಂದ ಅವನು ಊರು, ಬಡಾವಣೆ, ಪ್ರಯೋಗಾಲಯ ಯಾವುದನ್ನೂ ಹೆಸರಿಸದೆ, ಈ ವಿಷಯವನ್ನು ಬರಿಯ ವಿಜ್ಞಾನವಾಗಿ ಬರೆಯತೊಡಗಿದ್ದ. ಬ್ಲಾಗು ತೆರೆಯುವಾಗ ಸಂಖ್ಯೆ ಕೇಳಿದ್ದರು. ಪುಟದಲ್ಲಿ ತೋರಿಸಬೇಡಿ ಎಂಬಲ್ಲಿ ಗುರುತು ಹಾಕಿ ಕೊಟ್ಟಿದ್ದ. ಅವರು ಪುಟದಲ್ಲಿ ತೋರಿಸಿಯೂ ಇರಲಿಲ್ಲ. ಬರಹಗಳು ಕಳೆದುಹೋಗದಿರಲಿ ಎಂದು ಜರಡಿಗೆ ಆ ಬ್ಲಾಗನ್ನು ಸೇರಿಸಿದ್ದೂ ಅವನೇ. ಅತ್ತಿಗೆಯ ಕೈಯಲ್ಲಿ ಭದ್ರವಾಗಿರುತ್ತವೆ ಎಂದುಕೊಂಡಿದ್ದ.

ಪ್ರಯೋಗಾಲಯದವರು ವಾರ್ಷಿಕ ವರದಿಗೆಂದು ತಮ್ಮ ಸಿಬ್ಬಂದಿ ಏನೇನು ಪ್ರಕಟಿಸಿದ್ದಾರೆಂದು ಗ್ರಂಥಾಲಯಗಳ ಸೂಚಿಯಲ್ಲಿ ಹುಡುಕಿದಾಗ, ಬೇರೆಯವರ ಪ್ರಬಂಧಗಳ ನಡುವೆ 'ಸರಾಸರಿ ಎಂಬ ಕಂಬಳಿ'ಯೂ ಬಂದು ಕೂತಿತ್ತು, ಪೂರ್ತಿ ಹೆಸರು, ಸಂಸ್ಥೆಯ ಸಮೇತ. ಯಾರ ಮೇಲೆ ಬರೆದದ್ದೆಂದು ನಿರ್ದೇಶಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ವಿಚಾರಣೆ ಮುಗಿಯುವ ತನಕ ಮನೆಯಲ್ಲಿರು ಎಂದು ಕಳಿಸಿದ್ದರು.

"ನಾನು ಸರಿಮಾಡ್ತೀನಿ" ಎಂದಳು ಅವಳು. ಹೇಳಿದ ಮೇಲೆ ಏನನ್ನು ಸರಿಮಾಡುತ್ತೇನೆ ಎಂಬುದು ಅವಳಿಗೇ ತಿಳಿಯಲಿಲ್ಲ. ಮೈದುನ ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದ.

ಮರುದಿನ ಅವಳು ಮುಖ್ಯಸ್ಥರ ಬಳಿ ಹೋಗಿ, ಹೆಸರು ತುಂಬುವ ಭಾಗವನ್ನು ನಿಲ್ಲಿಸಬೇಕು ಎಂದಳು. ಅವರು ಒಬ್ಬರಿಗೆ ತೊಂದರೆಯಾಯಿತೆಂದು ಎಲ್ಲರಿಗೂ ಅನುಕೂಲವಾದದ್ದನ್ನು ನಿಲ್ಲಿಸಲಾಗುತ್ತದೆಯೇ, ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಒಬ್ಬರೋ ಎಷ್ಟು ಜನವೋ ಯಾರಿಗೆ ಗೊತ್ತು, ಬಾಯಿಬಿಟ್ಟು ಹೇಳಿದವರು ಒಬ್ಬರು ಅಷ್ಟೇ ಎಂದಳು ಅವಳು. ಕೋಣೆಗೆ ಬಂದವಳೇ ಆ ಭಾಗವನ್ನು ತಾನಾಗಿಯೇ ನಿಲ್ಲಿಸಿಬಿಟ್ಟಳು. ಅಲ್ಪವಿರಾಮರು ನೋಡಿದರು. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, ಜರಡಿ ದಾಖಲೆ ಕಳಿಸುವ ಗ್ರಂಥಾಲಯಗಳಿಗೆಲ್ಲ ಹೆಸರು ಅಳಿಸುವಂತೆ ಪತ್ರ ಬರೆಯಲು ಕೂತರು.

ಅಷ್ಟರಲ್ಲಿ ಗಂಡನಿಗೆ ವಿಷಯ ಮುಟ್ಟಿತ್ತು. ನಿರ್ದೇಶಕ ಅವನಿಗೆ ಫೋನ್ ಮಾಡಿದ್ದ. ಅವಳು ಮನೆಗೆ ಬಂದಾಗ ಅಣ್ಣ ನಡುಮನೆಯಲ್ಲಿ ಓಡಾಡುತ್ತಿದ್ದ, ತಮ್ಮ ಕಿಟಕಿಯ ಬಳಿ ನಿಂತಿದ್ದ. ಅನ್ನ ಹಾಕಿದ ಮನೆಗೆ ಎರಡು ಬಗೆದೆ, ಆ ಗೆಳೆಯನ ಮುಂದೆ ನಾನು ಹೇಗೆ ತಲೆ ಎತ್ತಲಿ ಎಂದೆಲ್ಲ ಅಣ್ಣ ಅಂದ. ಸಿಟ್ಟು ಖರ್ಚಾದ ಮೇಲೆ ಅಣ್ಣ ಕುರ್ಚಿಯಲ್ಲಿ ಕುಸಿದು ಕೂತು ಮುಖ ಉಜ್ಜಿಕೊಂಡ. ತಮ್ಮ ಒಳಗೆ ಹೋದ ಮೇಲೆ ಹೆಂಡತಿಯನ್ನು ಹತ್ತಿರ ಕರೆದ.

ದಾರಿಯೊಂದಿದೆ ಎಂದ. ನಿರ್ದೇಶಕನೇ ತೋರಿಸಿದ ದಾರಿ. ಅವನಿಗೂ ಈ ರಗಳೆ ಬೆಳೆಯುವುದು ಬೇಡವಾಗಿತ್ತು. ಸಾಫ್ಟ್‌ವೇರಿನ ದೋಷದಿಂದ ಬೇರೆ ಯಾರದೋ ಬ್ಲಾಗಿಗೆ ಈ ಹೆಸರು ತಪ್ಪಾಗಿ ಅಂಟಿಕೊಂಡಿದೆ ಎಂದು ಗ್ರಂಥಾಲಯದಿಂದ ಒಂದು ಪತ್ರ ಬಂದರೆ ಸಾಕು. ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಹುಡುಗ ಸೋಮವಾರದಿಂದ ಕೆಲಸಕ್ಕೆ ಹೋಗಬಹುದು.

"ನಿನ್ನಿಂದ ಆದದ್ದು ಇದು" ಎಂದ ಗಂಡ, ಮೆಲ್ಲಗೆ. "ನಿನ್ನಿಂದಲೇ ಹೋಗಲಿ. ಒಂದು ಸಾಲು ಬರೆದುಕೊಡು ಅಷ್ಟೇ."

ಅವಳು ಒಪ್ಪಿದಳು. ಒಪ್ಪದೆ ಇರುವುದು ಅವಳಿಗೆ ಹೊಳೆಯಲೂ ಇಲ್ಲ. ತನ್ನ ಪ್ರೋಗ್ರಾಮು ತಪ್ಪು ಮಾಡಿದೆ ಎಂದು ಬರೆಯಲು ನಾಚಿಕೆಯೇನು? ಮಾಡಿಯೇ ಇತ್ತಲ್ಲ. ಬೆಳಿಗ್ಗೆ ಕೋಣೆಯಲ್ಲಿ ಕೂತು, ಗ್ರಂಥಾಲಯದ ಹೆಸರಿರುವ ಹಾಳೆಯಲ್ಲಿ ಪತ್ರ ಮುದ್ರಿಸಿ, ವಾಡಿಕೆಯಂತೆ ಅಲ್ಪವಿರಾಮರ ಮುಂದಿಟ್ಟಳು. ಅವರು ಪೆನ್ಸಿಲು ಹಿಡಿದು ಮೊದಲಿಂದ ಕೊನೆಯವರೆಗೆ ಓದಿದರು. ಎಲ್ಲೂ ಗುರುತು ಹಾಕಲಿಲ್ಲ.

"ಚಿಹ್ನೆಗಳೆಲ್ಲ ಸರಿಯಾಗಿವೆ. ಮೂರನೇ ವಾಕ್ಯ ಸುಳ್ಳು."

"ಗೊತ್ತು."

"ಹುಡುಗನನ್ನ ಕೇಳಿದ್ರಾ?"

ಅವಳು ಕೇಳಿರಲಿಲ್ಲ. ಅವನ ಒಳ್ಳೆಯದಕ್ಕೇ ಅಲ್ಲವೇ ಎಂದಳು. ಅಲ್ಪವಿರಾಮರು ಪತ್ರವನ್ನು ಮಡಚದೆ ಹಾಗೆಯೇ ಹಿಂತಿರುಗಿಸಿದರು. ಖಾಲಿ ಜಾಗ ತುಂಬಿಸಿದ್ದೂ ಒಳ್ಳೆಯದಕ್ಕೇ ಅಲ್ಲವೇ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಅವಳಿಗೆ ಕೇಳಿಸಿತು.

ಸಂಜೆ ಮೈದುನನ ಕೋಣೆಯ ಬಾಗಿಲು ತಟ್ಟಿದಳು. ಒಳಗೆ ಎಂದಿನಂತೆ ಎಲ್ಲ ಓರಣವಾಗಿತ್ತು: ಗೋಡೆಗೆ ಒತ್ತಿದ ಹಾಸಿಗೆ, ಮೇಜಿನ ಮೇಲೆ ಬೆನ್ನು ಹೊರಗೆ ಮಾಡಿ ನಿಲ್ಲಿಸಿದ ಪುಸ್ತಕಗಳು, ಕಿಟಕಿಯಂಚಿನಲ್ಲಿ ತೊಳೆದು ಬೋರಲು ಹಾಕಿದ ಎರಡು ಗಾಜಿನ ಸೀಸೆ. ಅವಳು ಪತ್ರವನ್ನು ಅವನ ಕೈಗೆ ಕೊಟ್ಟಳು. ಅವನು ಓದಿ, ಮತ್ತೊಮ್ಮೆ ಓದಿ, ಮಂಡಿಯ ಮೇಲೆ ಇಟ್ಟುಕೊಂಡ.

"ಇದು ಹೋದ್ರೆ ಆ ಬರಹಗಳು ಯಾರವು ಆಗ್ತವೆ?" ಎಂದ.

"ಯಾರವೂ ಅಲ್ಲ. ತೂಬು ಅನ್ನೋ ಯಾರೋ ಒಬ್ಬರದು. ಮೊದಲು ಹಾಗೇ ಇತ್ತಲ್ಲ?"

"ಮೊದಲು ಹಾಗಿತ್ತು. ಈಗ ನಿರ್ದೇಶಕರು ಏನು ಹೇಳ್ತಾರೆ? ಪ್ರಯೋಗಾಲಯಕ್ಕೂ ಇದಕ್ಕೂ ಸಂಬಂಧ ಇಲ್ಲ, ಯಾವನೋ ತಿಳಿಯದವನು ಬರೆದದ್ದು ಅಂತಾರೆ. ಅದನ್ನ ನಾನೇ ಬರೆದುಕೊಟ್ಟ ಹಾಗಾಗುತ್ತೆ." ಪತ್ರದ ಅಂಚನ್ನು ಬೆರಳಿನಿಂದ ನೇರಮಾಡಿದ. "ನನಗೂ ಆಸೆ ಆಗುತ್ತೆ ಅತ್ತಿಗೆ. ಇಲ್ಲ ಅನ್ನಲ್ಲ. ಒಳಗಿದ್ರೆ ಆ ಕೊಳಾಯಿಗಳನ್ನ ಮತ್ತೆ ಪರೀಕ್ಷೆ ಮಾಡಬಹುದು, ಇನ್ನೊಂದು ಸಲ ಹೇಳಿ ನೋಡಬಹುದು. ಹೊರಗೆ ಬಂದ್ರೆ ಅದೂ ಇಲ್ಲ."

"ಹಾಗಾದ್ರೆ ಕೊಟ್ಟುಬಿಡ್ತೀನಿ."

"ಹೆಸರು ಹಾಕುವಾಗ ನನ್ನನ್ನ ಕೇಳಲಿಲ್ಲ. ತೆಗೆಯುವಾಗಲಾದ್ರೂ ನಾನು ಹೇಳೋ ತನಕ ತಡೀರಿ."

ಅವಳು ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ನಡುಮನೆಯಲ್ಲಿ ಗಂಡ ಹುಬ್ಬೇರಿಸಿ ನೋಡಿದ. ಅವಳು ಮಾಡಲು ಕೆಲಸವಿಲ್ಲದಿದ್ದರೂ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಬೆಳಿಗ್ಗೆ ಮೈದುನ ಚಹಾದ ಲೋಟ ಹಿಡಿದು ಬಂದು, ಪತ್ರವನ್ನು ಅವಳ ಮುಂದಿಟ್ಟ. ಕೊಡಬೇಡಿ ಎಂದ. ಅದಕ್ಕೆ ಬದಲು ಆದದ್ದನ್ನು ಆದ ಹಾಗೇ ಬರೆದುಕೊಡಿ ಎಂದ. ಅಣ್ಣ ಅದನ್ನು ಕೇಳಿಸಿಕೊಂಡ. ಈ ಸಲ ಕೂಗಾಡಲಿಲ್ಲ. ಇಬ್ಬರೂ ಸೇರಿ ನನ್ನ ಮುಖಕ್ಕೆ ಮಸಿ ಬಳಿದಿರಿ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೊರಟುಹೋದ. ಆಮೇಲೆ ಬಹಳ ದಿನ ಅವನು ಹೆಂಡತಿಯ ಹತ್ತಿರ ಬೇಕಾದ್ದಕ್ಕೆ ಮಾತ್ರ ಮಾತಾಡಿದ, ತಮ್ಮನ ಹತ್ತಿರ ಅದೂ ಇಲ್ಲ. ಮೂವರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು; ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ.

ವಿಚಾರಣೆಯ ದಿನ ಜರಡಿಯಮ್ಮ ಮೈದುನನ ಜೊತೆಗೆ ಹೋದಳು. ಪ್ರಯೋಗಾಲಯದ ಸಭಾಕೋಣೆಯಲ್ಲಿ ಉದ್ದನೆಯ ಮೇಜು, ಅದರ ಆಚೆ ನಿರ್ದೇಶಕರು, ಅವರ ಆಚೀಚೆ ಇಬ್ಬರು. ಕೋಣೆಯ ತುಂಬ ಆಸ್ಪತ್ರೆಯಂಥ ವಾಸನೆ. ಮೊದಲು ಅವಳ ಸರದಿ. ಲೇಖಕರು ತಾವಾಗಿ ಕೊಡದ ಹೆಸರನ್ನು ತನ್ನ ಸಾಫ್ಟ್‌ವೇರು ಅವರನ್ನು ಕೇಳದೆ ದಾಖಲೆಗೆ ಸೇರಿಸಿತು, ತೆಗೆಯಿರಿ ಎಂದಾಗಲೂ ತಾನು ತೆಗೆಯಲಿಲ್ಲ, ಇದು ತನ್ನ ತಪ್ಪು ಎಂದಳು. ಮನೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿದ್ದ ಮಾತು ಅದು. ನಿರ್ದೇಶಕರು ಸಮಾಧಾನದಿಂದಲೇ ಕೇಳಿದರು. ಅಂದರೆ ಹೆಸರು ತಪ್ಪಾಗಿ ಬಂದದ್ದು ಎಂದು ಬರೆದುಕೊಳ್ಳಬಹುದಲ್ಲವೇ ಎಂದರು. ಕೊನೆಯ ಗಳಿಗೆಯಲ್ಲೂ ಬಾಗಿಲು ತೆರೆದೇ ಹಿಡಿದಿದ್ದರು. ಅವಳು ಮೈದುನನ ಕಡೆ ನೋಡಿದಳು. ಹೌದು ಎನ್ನಲು ಒಂದು ಉಸಿರು ಸಾಕಿತ್ತು.

"ಕೇಳದೆ ಬಂದದ್ದು ಸರ್" ಎಂದಳು. "ತಪ್ಪಾಗಿ ಬಂದದ್ದೋ ಇಲ್ಲವೋ ಅದನ್ನ ಅವನೇ ಹೇಳಬೇಕು."

ಮೈದುನ ಬರಹಗಳು ನನ್ನವೇ ಎಂದ. ಅವುಗಳಲ್ಲಿ ಒಂದು ಅಂಕಿ ತಪ್ಪಿದ್ದರೂ ತೋರಿಸಿ, ತಿದ್ದುತ್ತೇನೆ ಎಂದ. ಯಾರೂ ಅಂಕಿಯ ಮಾತೆತ್ತಲಿಲ್ಲ.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಸೀಸೆಗಳನ್ನು ಎಣಿಸಿ ಇಡುವ ಉಗ್ರಾಣಕ್ಕೆ ಹಾಕಿದರು. ಪರೀಕ್ಷೆಯ ಕೋಣೆಗೆ ಅವನು ಕಾಲಿಡುವಂತಿರಲಿಲ್ಲ. ಊಟದ ವೇಳೆ ಅವನ ಪಕ್ಕದ ಕುರ್ಚಿಗಳು ಖಾಲಿಯಾಗತೊಡಗಿದವು. ಕೆಲವು ತಿಂಗಳು ಸಹಿಸಿ, ದೂರದ ಊರಿನ ಹಾಲಿನ ಕಾರ್ಖಾನೆಯೊಂದರಲ್ಲಿ ಹಾಲು ಪರೀಕ್ಷಿಸುವ ಕೆಲಸ ಹಿಡಿದ. ಹೊರಟ ದಿನ ಅವನ ಪೆಟ್ಟಿಗೆಯನ್ನು ಅಣ್ಣ ಹೊತ್ತು ಬಸ್ಸಿನವರೆಗೆ ಬಂದ. ಪೆಟ್ಟಿಗೆಯನ್ನು ಮೇಲೆ ಇಟ್ಟು, ಅದು ಜಾರದಂತೆ ಎರಡು ಸಲ ಅಲ್ಲಾಡಿಸಿ ನೋಡಿ, ಕಿಟಕಿಯ ಹತ್ತಿರ ಬಂದು, ತಲುಪಿದ ಮೇಲೆ ಫೋನ್ ಮಾಡು ಎಂದ. ನೀರಿನ ವರದಿ ಆ ವರ್ಷವೂ ಬಂತು. ಅದರಲ್ಲಿದ್ದದ್ದು ಸರಾಸರಿಯೇ.

ಜರಡಿಯ ಸಭೆಯಲ್ಲಿ ಮುಖ್ಯಸ್ಥರು ಜರಡಿಯಮ್ಮನಿಗೆ ಎಲ್ಲರ ಎದುರು ಒಂದು ಮಾತು ಅಂದರು, ಅನುಮತಿ ಇಲ್ಲದೆ ನಿಲ್ಲಿಸಿದ್ದಕ್ಕೆ. ಅವಳು ಕೇಳಿಸಿಕೊಂಡಳು. ಹೊಸ ಆವೃತ್ತಿಯಲ್ಲಿ ಬರೆದವರನ್ನು ಕೇಳದೆ ಹೆಸರು ಸೇರಿಸುವಂತಿಲ್ಲ ಎಂಬುದಕ್ಕೆ ಕೊನೆಗೂ ಒಪ್ಪಿಗೆ ಸಿಕ್ಕಿತು. ಅವಳು ಕೇಳಿ ಬರೆದ ಪತ್ರಗಳಿಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು 'ಹಾಕಿ, ಮರೆತಿದ್ದೆ' ಎಂದಿದ್ದವು. ಕೆಲವು 'ಬೇಡ' ಎಂದಿದ್ದವು, ಕಾರಣ ಹೇಳದೆ. ಆ 'ಬೇಡ'ಗಳನ್ನು ಅವಳು ಎರಡೆರಡು ಸಲ ಓದುತ್ತಿದ್ದಳು. ಇವರಲ್ಲಿ ಯಾರ ಯಾರ ಮನೆಯಲ್ಲಿ, ಕಚೇರಿಯಲ್ಲಿ ಏನೇನು ನಡೆದು ಹೋಗಿದೆಯೋ. ಅವರ್ಯಾರೂ ತನ್ನ ಮೈದುನನಲ್ಲ, ತನಗೆ ತಿಳಿಯುವ ದಾರಿಯೇ ಇಲ್ಲ.

ಗ್ರಂಥಾಲಯಗಳಲ್ಲಿ ಬಹುಪಾಲು ಆ ಹೆಸರನ್ನು ಅಳಿಸಿದವು. ಒಂದು ಮಾತ್ರ ಒಪ್ಪಲಿಲ್ಲ. ಒಮ್ಮೆ ಸೇರಿದ ದಾಖಲೆಯನ್ನು ನಾವು ಬದಲಿಸುವುದಿಲ್ಲ, ದಯವಿಟ್ಟು ಗಮನಿಸಿ ಎಂದು ಬರೆದರು. ಅಲ್ಪವಿರಾಮರು ನಿವೃತ್ತರಾಗುವ ಮೊದಲು ಆ ಗ್ರಂಥಾಲಯಕ್ಕೆ ಕೊನೆಯದಾಗಿ ಬರೆದ ಪತ್ರವೂ ಅದೇ ವಿಷಯದ್ದು. ಅದಕ್ಕೆ ಉತ್ತರವೇ ಬರಲಿಲ್ಲ.

ಮುಂದಿನ ರಜೆಗೆ ಮೈದುನ ಮನೆಗೆ ಬಂದ. ಸ್ವಲ್ಪ ಸೊರಗಿದ್ದ. ಅಣ್ಣತಮ್ಮಂದಿರು ಮಾಳಿಗೆಯ ಮೇಲೆ ಸೋರುವ ನೀರಿನ ತೊಟ್ಟಿಯನ್ನು ರಿಪೇರಿ ಮಾಡುತ್ತಾ, ಅದಕ್ಕೆ ಯಾವ ಪಟ್ಟಿ ಸುತ್ತಬೇಕೆಂದು ಜಗಳವಾಡುತ್ತಾ ಅರ್ಧ ದಿನ ಕಳೆದರು. ಆ ಸದ್ದನ್ನು ಕೇಳಿ ಅವಳಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು. ಊಟಕ್ಕೆ ಕೂತಾಗ ಅವನು ಹಾಲಿನ ಕಾರ್ಖಾನೆಯ ಕತೆ ಹೇಳಿದ, ಹಾಲಿಗೆ ನೀರು ಬೆರೆಸುವವರ ಕಸರತ್ತುಗಳ ಕತೆ. ಬ್ಲಾಗಿನ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಅವನು ಅಲ್ಲಿ ಹೊಸದೇನೂ ಬರೆದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಹೋದದ್ದು ಹೋಯಿತು ಅತ್ತಿಗೆ ಎಂದು ಅವನು ಒಮ್ಮೆ ಅಂದುಬಿಟ್ಟರೆ ಸಾಕು ಎಂದು ಅವಳ ಜೀವ ಕಾಯುತ್ತಿತ್ತು. ಅವನು ಅನ್ನಲಿಲ್ಲ. ಮುನಿಸಿಕೊಂಡೂ ಇರಲಿಲ್ಲ. ಬಡಿಸಿದ್ದನ್ನು ಎರಡು ಸಲ ಹಾಕಿಸಿಕೊಂಡ, ತಟ್ಟೆ ತೊಳೆದಿಟ್ಟ, ಅವಳ ಕೀಲುನೋವಿನ ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾಳೋ ಇಲ್ಲವೋ ಎಂದು ಡಬ್ಬಿ ತೆರೆದು ನೋಡಿದ.

ಹೊರಡುವಾಗ, ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಾ, ತಲೆ ಬಗ್ಗಿಸಿಯೇ ಕೇಳಿದ:

"ಆ ಇನ್ನೊಂದು ಗ್ರಂಥಾಲಯದವರು ತೆಗೆದ್ರಾ?"

"ಇಲ್ಲ ಕಣೋ."

"ಹೋಗಲಿ ಬಿಡಿ" ಎಂದ.

ಹೋಗಲಿ ಬಿಡಿ ಎಂದ, ಆದರೆ ಕೇಳಿದ್ದ. ಅವನು ಬೀದಿಯ ತಿರುವು ದಾಟಿದ ಮೇಲೂ ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಸೋಮವಾರ ಕೋಣೆಗೆ ಹೋದವಳು ಎಲ್ಲಕ್ಕಿಂತ ಮೊದಲು ಆ ಗ್ರಂಥಾಲಯಕ್ಕೆ ಇನ್ನೊಂದು ಪತ್ರ ಬರೆದಳು. ಬರೆದಿಟ್ಟ ಹಳೆಯದನ್ನು ಕಳಿಸಲಿಲ್ಲ. ಮೊದಲ ಸಾಲಿನಿಂದ ಹೊಸದಾಗಿ ಬರೆದಳು.